ಗೇರೆಣ್ಣೆ ಕುಡಿಯದ ನೆಲ

ಕಲ್ಲುಗುಂಡಿಯ ಹತ್ತಿರ ಗೆಳತಿಯೊಬ್ಬಳು ಹೋಂಸ್ಟೇ ತೆರೆದಿದ್ದಾಳೆ. ಹೋದ ತಿಂಗಳು ನೋಡಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆಲ್ಲ ಪೈನ್ ಹಲಗೆಯ ನೆಲ, ಅದಕ್ಕೆ ಆಗಷ್ಟೇ ಅಗಸೆ ಎಣ್ಣೆ ಉಜ್ಜಿದ್ದರು. ಅರ್ಧ ಹುರಿದ ಎಳ್ಳಿನದ್ದೂ ಅರ್ಧ ಹೊಸ ಪೈಂಟಿನದ್ದೂ ಆದ ಆ ವಾಸನೆ ಮೂಗಿಗೆ ಬಂತು. "ಚೆಂದ ಉಂಟಲ್ವಾ? ಕೆಮಿಕಲ್ ಎಂತದೂ ಇಲ್ಲ, ಪೂರಾ ನ್ಯಾಚುರಲ್," ಅಂದಳು ಗೆಳತಿ.

ನ್ಯಾಚುರಲ್ ಎಂಬ ಶಬ್ದ ಕಿವಿಗೆ ಬಿದ್ದರೆ ನಾನು ಸುಮ್ಮನಿರುವವಳಲ್ಲ. ಮೈಯೆಲ್ಲ ಬೊಕ್ಕೆ ಏಳಿಸುವ ಚೇರು ಮರದ ಸೊನೆಯೂ ನ್ಯಾಚುರಲ್, ಕಾಸರಕನ ಬೀಜದ ವಿಷವೂ ನ್ಯಾಚುರಲ್, ಅದರಿಂದ ಎಂತ ಸಾಬೀತಾಯಿತು ಎಂದು ಕೇಳಿಯೇ ಕೇಳುತ್ತೇನೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಓಡಾಡಿ ಅಂಟಿಸಿಕೊಂಡ ಚಟ ಇದು. ಅಂದು ಮಾತ್ರ ಗಮನವೆಲ್ಲ ಕಾಲಿನ ಕಡೆಗಿತ್ತು. ಚಪ್ಪಲಿ ಕಳಚಿದ ಕಾಲನ್ನು ಆ ಹಲಗೆಯ ಮೇಲೆ ಇಡಬೇಕೋ ಬೇಡವೋ ಎಂದು ನೋಡುತ್ತಿದ್ದೆ.

ನನ್ನ ಡ್ಯಾನ್ಸ್ ಟೀಚರ್ ನೆನಪಾದರು...

ಎರಡನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ ನಾನು ಅವರಲ್ಲಿ ಭರತನಾಟ್ಯ ಕಲಿತೆ. ಕಲಿತೆ ಎನ್ನುವುದು ದೊಡ್ಡ ಮಾತು, ಹೋಗಿ ಬಂದೆ. ಅರೆಮಂಡಿಯಲ್ಲಿ ಕೂರುವ ಬದಲು ಯಾಕೆ ಕೂರಬೇಕು ಎಂದು ಕೇಳುತ್ತಿದ್ದ ಮಗು ನಾನು. "ನಿಂಗೆ ಕಾಲಿಗಿಂತ ಮೊದ್ಲು ಬಾಯಿ ತಾಳ ಹಾಕ್ತದೆ," ಎನ್ನುತ್ತಿದ್ದರು ಟೀಚರ್. ಡ್ಯಾನ್ಸ್ ಬಿಟ್ಟ ಮೇಲೂ ನಾನು ಅವರ ಕ್ಲಾಸಿಗೆ ಹೋಗುವುದನ್ನು ಬಿಡಲಿಲ್ಲ. ಸಂಜೆ ಕಾಲೇಜು ಮುಗಿಸಿ ಬಸ್ಸಿಗೆ ಕಾಯುವ ಹೊತ್ತು ಅಲ್ಲಿ ಕಳೆಯುತ್ತಿತ್ತು. ಅವರು ಪ್ರತಿ ಷಷ್ಠಿಗೆ ನಾಗನ ಸೇವೆಗೆಂದು ಸುಬ್ರಹ್ಮಣ್ಯಕ್ಕೆ ಹೋಗುವವರು, ನಾನು ದೇವರಿಲ್ಲ ಎನ್ನುವವಳು. ಹಾಗಾಗಿ ಮಾತಿಗೆ ವಿಷಯ ಹುಡುಕಬೇಕಾಗಿರಲಿಲ್ಲ. ಪ್ರಸಾದ ತಂದು ಕೈಗೆ ಹಾಕಿ, "ತಿನ್ನು, ಇದರಲ್ಲಿ ಬೆಲ್ಲ ಉಂಟು, ಬೆಲ್ಲವನ್ನಾದ್ರೂ ನಂಬ್ತೀಯಲ್ಲ," ಎನ್ನುತ್ತಿದ್ದರು. ನಾನು ತಿನ್ನುತ್ತಿದ್ದೆ.

ಟೀಚರ್ ಸುಳ್ಯದ ಕಡೆಯವರು. ಮದುವೆಯಾಗಿರಲಿಲ್ಲ. ಬೇಗ ಶುರು ಮಾಡಿದವರು, ಸಿಕ್ಕಿದ ಕಡೆಯೆಲ್ಲ ಕಲಿಸಿದವರು. ಶಾಲೆಯ ಜಗಲಿ, ಭಜನಾ ಮಂದಿರದ ಹಿಂದಿನ ಕೋಣೆ, ಯಾರದೋ ಮನೆಯ ತಾರಸಿ. ಎಲ್ಲ ಕಡೆಯೂ ಸಿಮೆಂಟ್ ನೆಲ. ಸಿಮೆಂಟಿನ ಮೇಲೆ ಪಾದ ಬಡಿಯುವ ತಟ್ಟಡವು ಮಾಡಿದರೆ ಪೆಟ್ಟು ನೆಲಕ್ಕಲ್ಲ, ಮೊಣಕಾಲಿಗೆ. ನಾನು ಕಾಣುವಾಗಲೇ ಅವರು ಮೆಟ್ಟಿಲು ಇಳಿಯಬೇಕಾದರೆ ಗೋಡೆ ಹಿಡಿದು, ಬದಿಗೆ ತಿರುಗಿ, ಒಂದೊಂದೇ ಕಾಲು ಇಳಿಸುತ್ತಿದ್ದರು. "ನನ್ನದು ಹೋಯ್ತು. ಈ ಮಕ್ಕಳದ್ದಾದ್ರೂ ಉಳೀಬೇಕು," ಎಂದು ಒಮ್ಮೆ ಹೇಳಿದ್ದರು. ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲಕ್ಕೆ ಪೇಟೆಯ ದರ್ಬೆಯಲ್ಲಿ ಹೊಸ ಕಟ್ಟಡದ ಮಾಳಿಗೆಯ ಹಾಲ್ ಸಿಕ್ಕಿದಾಗ ಅವರು ಮೊದಲು ಮಾಡಿಸಿದ್ದು ಮರದ ನೆಲ. ಕಟ್ಟಡದ ಮಾಲಕರು ಟೈಲ್ಸ್ ಹಾಕಿಸಿಕೊಡುತ್ತೇನೆ ಎಂದರೂ ಒಪ್ಪಲಿಲ್ಲ.

ಸಾಗುವಾನಿ, ಹಲಸು ಎಲ್ಲ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಮಂಗಳೂರಿನ ಯಾರ್ಡಿನಿಂದ ಪೈನ್ ಹಲಗೆ ಬಂತು. ಬಿಳಿ ಮರ, ಮೆತ್ತನೆಯದು, ಉಗುರು ಒತ್ತಿದರೆ ಗುರುತು ಬೀಳುವಂಥದ್ದು. ಕೆಲಸಕ್ಕೆ ಬಂದ ಆಚಾರಿಗೆ ಅದನ್ನು ಕಂಡರೆ ಮರ್ಯಾದೆಯೇ ಇರಲಿಲ್ಲ. "ಇದು ಪ್ಯಾಕಿಂಗ್ ಪೆಟ್ಟಿಗೆಯ ಮರ ಟೀಚರೇ. ಮೇಲಿಂದ ದಪ್ಪ ವಾರ್ನಿಷ್ ಬಿಡುವ, ಗ್ಲಾಸಿನ ಹಾಗೆ ಮಿಂಚ್ತದೆ," ಎಂದ. ಟೀಚರ್ ಬೇಡವೆಂದು ತಲೆಯಾಡಿಸಿದರು. "ಗ್ಲಾಸಿನ ಮೇಲೆ ಕುಣೀಲಿಕ್ಕೆ ಆಗ್ತದಾ ಆಚಾರ್ರೆ? ಬೆವರಿನ ಕಾಲು ಜಾರ್ತದೆ. ಮಳೆಗಾಲದಲ್ಲಿ ವಾರ್ನಿಷ್ ಏಳ್ತದೆ. ಮರದ ಮೇಲೆ ಕೂರುವಂಥದ್ದು ಬೇಡ, ಮರದ ಒಳಗೆ ಹೋಗುವಂಥದ್ದು ಬೇಕು."

ಒಳಗೆ ಹೋಗುವಂಥದ್ದು ಎಂದರೆ ಅಗಸೆ ಎಣ್ಣೆ. ಆ ಬೇಸಗೆಯಲ್ಲಿ ನಾವು ಕೆಲವರು ಹಳೆ ವಿದ್ಯಾರ್ಥಿನಿಯರು ಸೇರಿ ನೆಲಕ್ಕೆ ಎಣ್ಣೆ ಕೊಟ್ಟೆವು. ಕೊಟ್ಟೆವು ಎಂದೇ ಹೇಳಬೇಕು, ಮಕ್ಕಳಿಗೆ ಹಾಲು ಕೊಟ್ಟ ಹಾಗೆ. ಹಲಗೆಯನ್ನು ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿ, ಧೂಳು ಒರೆಸಿ, ಬಟ್ಟೆಯ ತುಂಡಿನಿಂದ ತೆಳುವಾಗಿ ಎಣ್ಣೆ ಎಳೆಯುವುದು. ಮೆತ್ತನೆಯ ಮರ ಗಟಗಟ ಕುಡಿಯುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮ ಕುಡಿಯುವುದಿಲ್ಲ. ಗಂಟು ಇರುವಲ್ಲಿ ಎಣ್ಣೆ ಹಾಗೇ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಮರ ಒಲ್ಲೆ ಎಂದ ಎಣ್ಣೆಯನ್ನು ಪೂರಾ ಒರೆಸಿ ತೆಗೆಯಬೇಕು. ಒಣಗಿದ ಮೇಲೆ ಇನ್ನೊಂದು ಸಲ. "ಒರೆಸುದೇ ಕೆಲ್ಸ, ಹಚ್ಚುದು ಕೆಲ್ಸ ಅಲ್ಲ," ಎಂದು ಟೀಚರ್ ಮೊಣಕಾಲಿನ ಕೆಳಗೆ ಗೋಣಿ ಮಡಚಿ ಇಟ್ಟು ನಮ್ಮೊಟ್ಟಿಗೆ ಉಜ್ಜಿದರು. ಬಿಳಿ ಹಲಗೆ ಜೇನಿನ ಬಣ್ಣಕ್ಕೆ ತಿರುಗಿತು. ಅದರ ಮೇಲೆ ಮೊದಲ ಬಾರಿ ಮಕ್ಕಳು ಹೆಜ್ಜೆ ಹಾಕಿದ ಸಂಜೆ ಟೀಚರ್ ತಾಳ ಹಾಕುವ ತಟ್ಟುಕೋಲು ಕೆಳಗಿಟ್ಟು ಸುಮ್ಮನೆ ಕೇಳುತ್ತಾ ಕೂತಿದ್ದರು. ಸಿಮೆಂಟಿನ ಮೇಲೆ ಚಪ್ ಚಪ್ ಅನ್ನುವ ಹೆಜ್ಜೆ ಮರದ ಮೇಲೆ ಧಿಂ ಅನ್ನುತ್ತದೆ...

ಎಲ್ಲ ಸರಿಯಾಗಿತ್ತು. ಮುಂದಿನ ವರ್ಷ ಗೋಡೆಯ ಬದಿಯಲ್ಲಿ ಮಣ್ಣಿನ ಸಣ್ಣ ಗೆರೆ ಕಾಣುವವರೆಗೆ.

ಗೆದ್ದಲು. ಟೀಚರ್ ಅದನ್ನು ಒರಲೆ ಎನ್ನುತ್ತಿದ್ದರು. ಅವರು ಕೂಡಲೆ ಗೇರೆಣ್ಣೆ ತರಿಸಿದರು, ಗೇರುಬೀಜದ ಸಿಪ್ಪೆಯಿಂದ ಬರುವ ಕಪ್ಪು ಎಣ್ಣೆ. ನಮ್ಮ ಕಡೆ ಸೂರಿನ ಮರಗಳಾದ ಪಕ್ಕಾಸು, ರೀಪುಗಳಿಗೆ ಅದನ್ನು ಬಳಿಯುವುದು ಹಿಂದಿನಿಂದ ಬಂದದ್ದು. ನಾನು ಎಂದಿನಂತೆ ಎದ್ದು ನಿಂತೆ. "ಅದು ಕೆಲ್ಸ ಮಾಡ್ತದೆ ಅಂತ ಹೇಗೆ ಗೊತ್ತು ಟೀಚರ್?"

"ಅಪ್ಪನ ಮನೆಯ ಪಕ್ಕಾಸಿಗೆ ಅದೇ. ಇವತ್ತಿಗೂ ಒರಲೆ ಮುಟ್ಲಿಲ್ಲ."

"ಮುಟ್ಟದೆ ಇದ್ದದ್ದು ಎಣ್ಣೆಯಿಂದ ಅಂತ ಎಂತ ಸಾಕ್ಷಿ? ಮರ ಗಟ್ಟಿ ಇದ್ದಿರಬಹುದು. ಒಲೆಯ ಹೊಗೆ ಇದ್ದಿರಬಹುದು."

"ನೀನು ಹೋಗಿ ಒರಲೆಯನ್ನೇ ಕೇಳು," ಎಂದರು, ನೆಲ ನೋಡಲು ಬಂದಿದ್ದ ಆಚಾರಿಯ ಎದುರು. ಆಚಾರಿ ನಕ್ಕ. ಗೇರೆಣ್ಣೆಗೆ ಅವನದ್ದೂ ಒಪ್ಪಿಗೆ ಇತ್ತು.

ನನ್ನ ತರ್ಕದಲ್ಲಿ ತಪ್ಪಿರಲಿಲ್ಲ, ಅವರ ಅನುಭವದಲ್ಲೂ ತಪ್ಪಿರಲಿಲ್ಲ. ಗೇರೆಣ್ಣೆಯನ್ನು ಗೆದ್ದಲು ಮುಟ್ಟುವುದಿಲ್ಲ. ನಾವಿಬ್ಬರೂ ಅಷ್ಟು ಹೊತ್ತು ವಾದ ಮಾಡಿದ್ದು ಗೆದ್ದಲಿನ ಬಗ್ಗೆ. ಪಕ್ಕಾಸು ತಲೆಯ ಮೇಲಿರುತ್ತದೆ, ಅದನ್ನು ಯಾರೂ ತುಳಿಯುವುದಿಲ್ಲ ಎಂಬುದು ಆ ಕೋಣೆಯಲ್ಲಿದ್ದ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಪಕ್ಕಾಸಿಗೆ ಬಳಿದ ಎಣ್ಣೆಯನ್ನು ಯಾರೂ ಒರೆಸುವುದಿಲ್ಲ. ಇಲ್ಲಿಯೂ ಒರೆಸಲಿಲ್ಲ. ಒರೆಸಿದರೆ ಒರಲೆಗೆ ಹೆದರಿಕೆ ಎಲ್ಲಿ ಉಳಿಯುತ್ತದೆ ಎಂಬುದು ಟೀಚರ ಲೆಕ್ಕ. ಆದರೆ ಪಕ್ಕಾಸಿನದ್ದು ಹಸಿದ ಮರ, ಬಳಿದದ್ದನ್ನು ಎಳೆದುಕೊಳ್ಳುತ್ತದೆ. ಈ ನೆಲ ಅಗಸೆ ಎಣ್ಣೆ ಕುಡಿದು ಹೊಟ್ಟೆ ತುಂಬಿಸಿಕೊಂಡಿತ್ತು. ಗೇರೆಣ್ಣೆ ಒಳಗೆ ಹೋಗಲಿಲ್ಲ, ಮೇಲೆಯೇ ಕೂತಿತು. ಸಾಲದ್ದಕ್ಕೆ ಮಳೆ ಹಿಡಿದು ಸರಿಯಾಗಿ ಒಣಗಲೂ ಇಲ್ಲ. ಕೈಯಿಟ್ಟು ನೋಡಿದರೆ ಒಣಗಿದಂತೆಯೇ ಇತ್ತು. ಮಕ್ಕಳನ್ನು ಕರೆಯುವ ಮೊದಲು ಟೀಚರ್ ತಾವೇ ಬರಿಗಾಲಲ್ಲಿ ಒಂದಿಡೀ ಅಲರಿಪ್ಪು ಮಾಡಿ ನೋಡಿದರು. ಏನೂ ಆಗಲಿಲ್ಲ.

ಕ್ಲಾಸು ಶುರುವಾದ ವಾರದಲ್ಲಿ ಮಕ್ಕಳ ಅಂಗಾಲಲ್ಲಿ ತುರಿಕೆ, ಆಮೇಲೆ ನೀರು ತುಂಬಿದ ಬೊಕ್ಕೆ. ಅಷ್ಟೇ ಆಗಿದ್ದರೆ ಮಳೆಗಾಲದ ಕಾಲುಹುಣ್ಣು ಎನ್ನಬಹುದಿತ್ತು. ಬೆರಳ ತುದಿಗಳಲ್ಲೂ ಬಂತು. ಕಣ್ಣಿನ ರೆಪ್ಪೆಗಳು ಬಾತವು. ಚಿಕ್ಕವಳೊಬ್ಬಳು ಎರಡೂ ಕಣ್ಣು ತೆರೆಯಲಾಗದೆ ತಾಯಿಯ ಹೆಗಲಲ್ಲಿ ಮುಖ ಒತ್ತಿಕೊಂಡು ಆಸ್ಪತ್ರೆಗೆ ಹೋದಳು. ಅಂಗಾಲು, ಬೆರಳು, ರೆಪ್ಪೆ. ಭರತನಾಟ್ಯ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಣಿಯುವ ಮೊದಲು ನೆಲ ಮುಟ್ಟಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ತುಳಿಯುತ್ತೇನೆ, ಕ್ಷಮಿಸು ಎಂದು ಭೂಮಿಗೆ ಮಾಡುವ ನಮಸ್ಕಾರ. ಟೀಚರ್ ಅದೊಂದನ್ನು ಮಾತ್ರ ಯಾವ ಮಗುವಿಗೂ ತಪ್ಪಿಸಲು ಬಿಡುತ್ತಿರಲಿಲ್ಲ.

ಚರ್ಮದ ಡಾಕ್ಟರು ಮುಲಾಮು ಕೊಟ್ಟು, ಮಕ್ಕಳು ಎಂತ ಮುಟ್ಟಿದ್ದಾರೆ ನೋಡಿ ಎಂದರು. ಆದರೆ ನಮ್ಮೂರಲ್ಲಿ ಚರ್ಮಕ್ಕೆ, ಕಣ್ಣಿಗೆ ಏನಾದರೂ ಬಂದರೆ ಜನರ ಬಾಯಿಗೆ ಮೊದಲು ಬರುವ ಹೆಸರು ಡಾಕ್ಟರದ್ದಲ್ಲ, ನಾಗನದ್ದು. ಕಟ್ಟಡಕ್ಕೆ ಜಾಗ ಸಮ ಮಾಡುವಾಗ ಜೆಸಿಬಿ ಒಂದು ಹುತ್ತವನ್ನು ತೆಗೆದಿತ್ತಂತೆ. ಅದು ಯಾರಿಗೋ ನೆನಪಾಯಿತು. ಹೊಸ ಎಣ್ಣೆಯ ಮೇಲೂ ಕೆಲವರಿಗೆ ಗುಮಾನಿ ಇತ್ತು. ಮಗುವೊಂದರ ತಾಯಿ ಮೆಟ್ಟಿಲ ಬುಡದಲ್ಲಿ ನನ್ನನ್ನೇ ಹಿಡಿದು ಕೇಳಿದರು: "ಎಣ್ಣೆಯಿಂದ ಅಂತಾದ್ರೆ ಟೀಚರಿಗೂ ಆಗ್ಬೇಕಿತ್ತಲ್ಲ? ಅವರೂ ಅದೇ ನೆಲದಲ್ಲಿ ಕುಣಿದದ್ದು, ಅದೇ ನೆಲ ಮುಟ್ಟಿ ಕಣ್ಣಿಗೆ ಒತ್ತಿದ್ದು. ಅವರು ತಪ್ಪದೆ ಷಷ್ಠಿಗೆ ಹೋಗುವವರು, ಅವರನ್ನು ನಾಗ ಮುಟ್ಲಿಲ್ಲ." ವಾದವಾಗಿ ನೋಡಿದರೆ ಚೆನ್ನಾಗಿಯೇ ಇತ್ತು. ಗೇರೆಣ್ಣೆ ಚರ್ಮ ಸುಡುತ್ತದೆ, ಆದರೆ ಗೇರುಬೀಜ ಸುಟ್ಟು ಜಜ್ಜಿ ಬೆಳೆದ ಕೆಲವರ ಚರ್ಮಕ್ಕೆ ಅದು ನಾಟುವುದಿಲ್ಲ, ಎಲ್ಲರ ಮೈ ಒಂದೇ ಅಲ್ಲ ಎಂದು ನಾನು ಹೇಳುವಷ್ಟರಲ್ಲಿ ಅವರು ಛತ್ರಿ ಬಿಡಿಸಿ ನಡೆದಿದ್ದರು.

ಕಟ್ಟಡದ ಮಾಲಕರಿಗೂ ಇದೇ ಅನುಕೂಲವಾಗಿ ಕಂಡಿತು. ಸುಬ್ರಹ್ಮಣ್ಯದಲ್ಲಿ ನಾಗನಿಗೆ ಆಶ್ಲೇಷ ಬಲಿ ಪೂಜೆ ಮಾಡಿಸುತ್ತೇನೆ, ಮೂಲೆಯಲ್ಲಿ ನಾಗನ ಕಲ್ಲು ಪ್ರತಿಷ್ಠೆ ಮಾಡಿಸುತ್ತೇನೆ, ಟೀಚರ್ ಸಂಕಲ್ಪಕ್ಕೆ ಕೂತರೆ ಸಾಕು ಎಂದರು. ಮಕ್ಕಳ ಮನೆಯವರೂ ಒಪ್ಪಿದರು. ಬಲಿ ಆದ ಮೇಲೆ ಮಕ್ಕಳನ್ನು ಕಳಿಸುತ್ತೇವೆ ಎಂದರು. ಅಂದರೆ ಎಲ್ಲವೂ ಉಳಿಯುವುದಕ್ಕೆ ದಾರಿ ತಾನಾಗಿ ತೆರೆದಿತ್ತು. ಟೀಚರ್ ಹೌದು ಎನ್ನಬೇಕಿತ್ತು, ಅಷ್ಟೇ.

ಆ ಸಂಜೆ ನಾನು ಹಾಲಿಗೆ ಹೋದಾಗ ಅವರು ಕಾಲಿಗೆ ಪ್ಲಾಸ್ಟಿಕ್ ಕಟ್ಟಿಕೊಂಡು ನೆಲದ ಒಂದು ಮೂಲೆಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಬಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತು. ನನ್ನ ಕಡೆ ಎತ್ತಿ ತೋರಿಸಿದರು.

"ಎಣ್ಣೆಯೇ," ಎಂದೆ.

"ನಂಗೆ ಗೊತ್ತುಂಟು. ಗಂಟಿನ ಮೇಲೆಲ್ಲ ಹಾಗೇ ಕೂತಿದೆ. ನೆಲ ಕುಡೀಲೇ ಇಲ್ಲ."

ನಾನು ಬರುವಾಗ ಬಸ್ಸಿನಲ್ಲೇ ಎಲ್ಲ ಯೋಚಿಸಿಕೊಂಡು ಬಂದಿದ್ದೆ. "ಟೀಚರ್, ಒಂದು ಕೆಲ್ಸ ಮಾಡಿ. ಯಾರತ್ರವೂ ಎಂತ ಹೇಳ್ಬೇಡಿ. ಬಲಿ ಆಗ್ಲಿ. ಅಷ್ಟರಲ್ಲಿ ಆಚಾರ್ರನ್ನು ಕರೆಸಿ ನೆಲ ಕೀಸಿಸಿ. ಬೊಕ್ಕೆ ಹೇಗೂ ಗುಣ ಆಗ್ತದೆ. ನಾಗ ಒಲಿದ ಅಂತ ಅವರಿಗೆ ಸಮಾಧಾನ, ಕ್ಲಾಸು ಉಳೀತು ಅಂತ ನಮಗೆ."

ಅವರು ಒರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ನೀನಾ ಹೇಳುದು ಇದನ್ನು? ದೇವ್ರಿಲ್ಲ ಅಂತ ಮೈಕ್ ಹಿಡ್ದು ಹೇಳುವವಳು?"

"ಅದಕ್ಕೇ ಹೇಳಿದ್ದು. ಇಲ್ಲದವನ ಮೇಲೆ ಹಾಕಿದ್ರೆ ಯಾರಿಗೂ ನಷ್ಟ ಇಲ್ಲ."

ಅವರಿಗೆ ನಗು ಬಂತು. ಆ ಸ್ಥಿತಿಯಲ್ಲೂ ಬಂತು. "ನಿಂಗೆ ಇಲ್ಲ ಮಾರಾಯ್ತಿ. ನಂಗೆ ಉಂಟಲ್ಲ. ನಾನು ಮಾಡಿದ್ದನ್ನು ಅವನ ತಲೆಗೆ ಕಟ್ಟಿ, ಬರುವ ಷಷ್ಠಿಗೆ ಯಾವ ಮೋರೆ ಹೊತ್ಕೊಂಡು ಹೋಗುದು?"

"ಹೇಳಿದ್ರೆ ಕ್ಲಾಸು ಹೋಗ್ತದೆ ಟೀಚರ್."

"ಪೂರಾ ಹೋಗ್ಲಿಕ್ಕಿಲ್ಲ. ಕೆಲವರು ಉಳೀತಾರೆ. ನಿಜ ಹೇಳಿದವರನ್ನು ಜನ ಪೂರಾ ಬಿಟ್ಟುಹಾಕುದಿಲ್ಲ."

ಆ ಮಾತನ್ನು ಅವರು ತೀರಾ ಸಹಜವಾಗಿ ಹೇಳಿದರು. ನಾಗನ ಬಗ್ಗೆ ಅವರಿಗಿದ್ದ ನಂಬಿಕೆಯನ್ನು ವರ್ಷಗಟ್ಟಲೆ ಕೆಣಕಿದ್ದೆ. ಮನುಷ್ಯರ ಬಗ್ಗೆ ಇಂಥದೊಂದು ಇದೆ ಎಂದು ನನಗೆ ಗೊತ್ತಿರಲಿಲ್ಲ.

ಆದಿತ್ಯವಾರ ಮಕ್ಕಳ ಮನೆಯವರೆಲ್ಲ ಹಾಲಿಗೆ ಬಂದರು. ಬಂದವರು ಚಪ್ಪಲಿ ಕಳಚಲಿಲ್ಲ. ಅಲ್ಲಿ ಚಪ್ಪಲಿ ಹಾಕಿ ಒಳಗೆ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ಮಳೆಯ ಕೆಸರಿನ ಅಡಿಗಳು ಗೇರೆಣ್ಣೆಗೆ ಕಪ್ಪಾದ ಆ ಹಲಗೆಯ ಮೇಲೆ ಒಂದರ ಪಕ್ಕ ಒಂದು ನಿಂತವು. ಟೀಚರ್ ಆ ಕಾಲುಗಳನ್ನು ನೋಡಿದರು. ಮಾಲಕರು ಬಲಿಯ ಮಾತು ತೆಗೆಯುವಷ್ಟರಲ್ಲಿ ಟೀಚರ್ ಎದ್ದು ನಿಂತರು.

"ನಾಗನದ್ದು ಅಲ್ಲ. ನನ್ನದು. ನಾನು ತಂದ ಎಣ್ಣೆ, ನಾನೇ ಬಳಿದದ್ದು. ಪಕ್ಕಾಸಿಗೆ ಬಳಿಯುವುದನ್ನು ನೆಲಕ್ಕೆ ಬಳಿದೆ. ಮಕ್ಕಳ ಕಾಲು ಸುಟ್ಟದ್ದು ನಾನು."

ಆಚಾರಿಯ ಹೆಸರೇ ಬರಲಿಲ್ಲ. ಹಿಂದೆ ಬಾಗಿಲ ಬಳಿ ಅವನೂ ನಿಂತಿದ್ದ.

ಮೆಟ್ಟಿಲ ಬುಡದಲ್ಲಿ ನನ್ನನ್ನು ಹಿಡಿದಿದ್ದ ಆ ತಾಯಿಯೇ ಕೇಳಿದರು. "ಹಾಗಾದ್ರೆ ನಿಮಗೆ ಯಾಕೆ ಆಗ್ಲಿಲ್ಲ ಟೀಚರ್?"

"ಅದು ನಂಗೆ ಗೊತ್ತಿಲ್ಲ," ಎಂದರು ಟೀಚರ್. "ಆಗ್ಬೇಕಿತ್ತು."

ನಾನು ಎದ್ದು ವಿವರಿಸಲು ಹೊರಟೆ. ಕೈಯಲ್ಲೇ ತಡೆದರು.

ಆಮೇಲೆ ಮಾತು ಎರಡು ಕಡೆಯಿಂದ ಬಂತು. ಕೆಲವರಿಗೆ ಸಿಟ್ಟು, ಇಷ್ಟೂ ಗೊತ್ತಿಲ್ಲದವರ ಕೈಗೆ ಮಕ್ಕಳನ್ನು ಕೊಟ್ಟೆವಲ್ಲ ಎಂದು. ಇನ್ನು ಕೆಲವರಿಗೆ ಅದಕ್ಕಿಂತ ಹೆಚ್ಚಿನ ಸಿಟ್ಟು, ನಾಗನದ್ದಲ್ಲ ಎಂದು ಹೇಳಲಿಕ್ಕೆ ಇವರು ಯಾರು, ಬಲಿ ತಪ್ಪಿಸಿ ಮಕ್ಕಳಿಗೆ ಇನ್ನೂ ಏನಾದರೂ ಆದರೆ ಯಾರು ಹೊಣೆ ಎಂದು. ಎಣ್ಣೆ ಎಂದು ನಂಬಿದವರೂ ಹೋದರು, ನಂಬದವರೂ ಹೋದರು. ನಾಗನ ಸಿಟ್ಟಿಗೆ ಬಲಿ ಕೊಟ್ಟು ಮುಗಿಸಬಹುದು. ಟೀಚರ ತಪ್ಪಿಗೆ ಅಂಥದೊಂದು ವಿಧಿ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ಅವರು ಎಲ್ಲಿ ಕೂತು, ಯಾವ ಸಂಕಲ್ಪ ಮಾಡಿ, ಏನು ಅರ್ಪಿಸಿದರೆ ತೀರುತ್ತಿತ್ತು... ನನಗೆ ಇಂದಿಗೂ ಗೊತ್ತಿಲ್ಲ.

ಅವರು ನೆಲ ಕೀಸಿಸಿದರು. ಆಚಾರಿ ಕೈಗೆ ಗವಸು ಹಾಕಿ, ಮುಖಕ್ಕೆ ಬಟ್ಟೆ ಕಟ್ಟಿ ಕೆಲಸ ಮಾಡಿದ. ಒಳಗಿನ ಬಿಳಿ ಮರ ಮತ್ತೆ ಕಂಡಿತು. ಟೀಚರ್ ಅದಕ್ಕೆ ಮತ್ತೆ ಅಗಸೆ ಎಣ್ಣೆ ಕೊಟ್ಟರು. ಮಳೆಗಾಲದಲ್ಲಿ ಅದು ಬೇಗ ಒಣಗುವುದಿಲ್ಲ. ಕಿಟಕಿ ತೆರೆದು, ಫ್ಯಾನ್ ಹಾಕಿ, ಕಾದರು. ಕಾಯುವುದಕ್ಕೆ ಬೇಕಾದಷ್ಟು ಸಮಯವೂ ಇತ್ತು, ಕ್ಲಾಸಿಗೆ ಯಾರೂ ಬರುತ್ತಿರಲಿಲ್ಲವಲ್ಲ. ನಾನು ಹೋಗಿ ಒರೆಸಿಕೊಡುತ್ತಿದ್ದೆ. ಟೀಚರ್ ಬಾಗಿಲು ತೆರೆದಿಟ್ಟು, ಮೆಟ್ಟಿಲ ಮೇಲೆ ಯಾರದಾದರೂ ಹೆಜ್ಜೆ ಕೇಳಿದರೆ ತಲೆ ಎತ್ತುತ್ತಿದ್ದರು. ಬರುತ್ತಿದ್ದುದು ಪಕ್ಕದ ಆಫೀಸಿಗೆ ಹೋಗುವವರು.

ಕೆಲವರು ಉಳಿಯುತ್ತಾರೆ ಎಂದಿದ್ದರು. ಯಾರೂ ಉಳಿಯಲಿಲ್ಲ. ಆ ಒಂದು ವಿಷಯದಲ್ಲಿ ನಾನು ಹೇಳಿದ್ದು ಸರಿಯಾಯಿತು. ಸ್ಪರ್ಧೆಗಳಲ್ಲಿ ಗೆದ್ದಾಗ ಆಗುವ ಖುಷಿ ಅದರಲ್ಲಿ ಇರಲಿಲ್ಲ.

ಮರುವರ್ಷ ಅವರು ಹಾಲ್ ಬಿಟ್ಟು ಗುಂಡ್ಯದಲ್ಲಿದ್ದ ತಮ್ಮನ ಮನೆಗೆ ಹೋದರು. ಒಮ್ಮೆ ಹೋಗಿ ನೋಡಿದ್ದೆ. ಹೆದ್ದಾರಿಯ ಲಾರಿಗಳ ಸದ್ದಿಗೆ ಮನೆಯ ಗಾಜು ನಡುಗುತ್ತಿತ್ತು. ಚಹಾ ಕೊಟ್ಟರು, ನನ್ನ ಮದುವೆಯ ಬಗ್ಗೆ ತಮಾಷೆ ಮಾಡಿದರು. "ನಿನ್ನನ್ನು ಕಟ್ಟಿಕೊಳ್ಳುವವ ಮೊದ್ಲು ಒಬ್ಬ ವಕೀಲನನ್ನು ಇಟ್ಟುಕೊಳ್ಬೇಕು," ಎಂದರು. ಹತ್ತಿರದ ಶಾಲೆಯಲ್ಲಿ ಕಲಿಸಬಹುದಲ್ಲ ಟೀಚರ್ ಎಂದೆ. "ಸಿಮೆಂಟ್ ನೆಲ," ಎಂದು ಹೇಳಿ ಮಾತು ತಿರುಗಿಸಿದರು. ಷಷ್ಠಿಗೆ ಹೋಗುವುದನ್ನು ಮಾತ್ರ ಬಿಟ್ಟಿರಲಿಲ್ಲ. ಮೊಣಕಾಲಿನಿಂದಾಗಿ ದೇವಸ್ಥಾನದ ಮೆಟ್ಟಿಲನ್ನು ಈಗ ಕೂತು ಇಳಿಯುವುದು ಎಂದರು, ಅದನ್ನೂ ನಗುತ್ತಲೇ.

ಈ ವರ್ಷ ಮಳೆ ಶುರುವಾಗುವ ಮೊದಲು ಅವರು ತೀರಿಕೊಂಡ ಸುದ್ದಿ ಬಂತು. ಎಲ್ಲ ಮುಗಿದ ಮೇಲೆ ಬಂತು. ಹಳೆಯ ವಿದ್ಯಾರ್ಥಿನಿಯರ ವಾಟ್ಸಾಪ್ ಗುಂಪಿನಲ್ಲಿ ಕೈ ಮುಗಿದ ಚಿತ್ರಗಳು ಬಂದವು. ಒಬ್ಬಳು, "ಪಾಪ, ಆಗ ಸುಮ್ಮನೆ ಇದ್ದಿದ್ದರೆ ಆಗ್ತಿತ್ತು," ಎಂದು ಬರೆದಳು. ನಾನೂ ಅದನ್ನೇ ಹೇಳಿದ್ದೆನಲ್ಲ, ಅವರ ಎದುರಿಗೇ. ಆ ಸಲಹೆ ತಪ್ಪು ಎಂದು ನನಗೆ ಈಗಲೂ ಪೂರಾ ಅನಿಸುವುದಿಲ್ಲ. ನೆಲ ಸರಿಯಾಗುತ್ತಿತ್ತು, ಮಕ್ಕಳು ಗುಣವಾಗಿ ವಾಪಸು ಬರುತ್ತಿದ್ದರು, ಮರದ ಮೇಲೆ ಕುಣಿದು ಆ ಮಕ್ಕಳ ಮೊಣಕಾಲು ಉಳಿಯುತ್ತಿತ್ತು. ಒಂದು ಸುಳ್ಳು, ಅದೂ ಬಾಯಿಬಿಟ್ಟು ಹೇಳದ ಸುಳ್ಳು. ಆದರೂ ಆ ಸಾಲು ಇನ್ನೊಬ್ಬಳ ಬೆರಳಿನಿಂದ ಬಂದಾಗ ಸಿಟ್ಟು ಬಂತು. ಯಾಕೆ ಬಂತು ಎಂಬುದಕ್ಕೆ ಒಪ್ಪುವಂಥ ಕಾರಣ ಕೊಡಲು ನನ್ನಿಂದ ಆಗಿಲ್ಲ.

ಮೊನ್ನೆ ದರ್ಬೆಯಲ್ಲಿ ಕೆಲಸವಿತ್ತು, ಆ ಮಾಳಿಗೆ ಹತ್ತಿದೆ. ಈಗ ಅದು ಕಂಪ್ಯೂಟರ್ ತರಗತಿ, ನೆಲಕ್ಕೆ ಬಿಳಿ ಟೈಲ್ಸ್. ಹಲಗೆ ಏನಾಯಿತು ಎಂದು ಕೇಳಿದರೆ ಅಲ್ಲಿದ್ದ ಹುಡುಗಿಗೆ ಯಾವ ಹಲಗೆ ಎಂದೇ ತಿಳಿಯಲಿಲ್ಲ. ಕೆಳಗೆ ಮೂಲೆಯಲ್ಲಿ ನಾಗನ ಕಲ್ಲು ಇದೆ. ಟೀಚರ್ ಹೋದ ಮೇಲೆ ಮಾಲಕರು ಮಾಡಿಸಿದ್ದು. ಅರಶಿನ ಹಚ್ಚಿ, ಅಡಿಕೆಯ ಹಿಂಗಾರ ಇಟ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ.

ಅದರ ಎದುರು ಸ್ವಲ್ಪ ಹೊತ್ತು ನಿಂತೆ. ಕೈ ಮುಗಿಯಲಿಲ್ಲ, ನನಗೆ ಅದು ಬರುವುದಿಲ್ಲ. ಯೋಚಿಸುತ್ತಿದ್ದುದು ಬೇರೆ. ಟೀಚರ್ ಅಂದು ನಿಜ ಹೇಳಿದ್ದು ನಾಗನಿಗೆ ಅಪವಾದ ಬರಬಾರದು ಎಂದು. ಹಾಗಾದರೆ ಅಪವಾದದಿಂದ ಕಾಪಾಡಬೇಕಾದ ಒಬ್ಬ ದೇವರು ಅವರಿಗೆ ಇರದೆ ಹೋಗಿದ್ದರೆ ಹೇಳುತ್ತಿದ್ದರೇ? ಅವರ ಜಾಗದಲ್ಲಿ, ಯಾವ ಷಷ್ಠಿಗೂ ಹೋಗದ ನಾನು ನಿಂತಿದ್ದರೆ, ಯಾರ ಮೋರೆ ನೋಡಬೇಕೆಂದು ನಿಜ ಹೇಳುತ್ತಿದ್ದೆ? ಇದನ್ನು ಅವರಲ್ಲೇ ಕೇಳಬೇಕಿತ್ತು. ಗುಂಡ್ಯಕ್ಕೆ ಹೋದ ದಿನ ನಾಲಿಗೆಯ ತುದಿವರೆಗೆ ಬಂದಿತ್ತು, ಇನ್ನೊಮ್ಮೆ ಬಂದಾಗ ಕೇಳಿದರಾಯಿತು ಎಂದುಕೊಂಡೆ... ಏನಾದರೊಂದು ತಿರುಗಿ ಹೇಳಿಯೇ ಹೇಳುತ್ತಿದ್ದರು. ಅವರು ಹಾಗೆಯೇ ಇದ್ದದ್ದು.

ಈಗ ಎರಡೂ ಕಡೆಯ ವಾದವನ್ನು ನಾನೊಬ್ಬಳೇ ಮಾಡಬೇಕು.